ಮತ ಬದಲಾದ್ರೂ ಒಲೆ ಮೇಲಿನ ಕಣ್ಣು ಹೋಗ್ಲಿಲ್ಲ

ಸಂಪಾದಕರೇ,

ಹೋದ ಭಾನುವಾರದ ಪುರವಣಿಲಿ ಸ್ಪೇನ್ ಬಗ್ಗೆ ಬಂದ ಲೇಖನ ಓದಿದೆ, ಚೆನ್ನಾಗಿತ್ತು, ಆದ್ರೆ 1492ರಲ್ಲಿ ಯಹೂದಿಗಳು ಮತ ಬಿಟ್ರು ಇಲ್ಲಾ ದೇಶ ಬಿಟ್ರು ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ರಲ್ಲ ಮಾರಾಯ್ರೆ, ಮತ ಬಿಟ್ಟು ಅಲ್ಲೇ ಉಳಿದವರ ಪಾಡೇನಾಯ್ತು? ಈ ಮತ ಬದಲಾವಣೆ ಶುರುವಾಗಿದ್ದು ನೂರು ವರ್ಷ ಮುಂಚೆ, 1391ರಲ್ಲಿ ಸೆವಿಲ್ಲೆಯಲ್ಲಿ ಯಹೂದಿಗಳ ಮೇಲೆದ್ದ ಗಲಭೆ ಊರೂರಿಗೆ ಹಬ್ಬಿ ಸಾವಿರಾರು ಜನ ಜೀವ ಉಳಿಸ್ಕೊಳ್ಳೋಕೆ ಜ್ಞಾನಸ್ನಾನ ತಗೊಂಡು ಕ್ರೈಸ್ತರಾದಾಗ.

ಅವರನ್ನ ಕಾನ್ವೆರ್ಸೋ (ಮತ ಬದಲಿಸಿದವ) ಅಂತಿದ್ರು, ಬೈಯೋವಾಗ ಮರ್ರಾನೋ, ಅಂದ್ರೆ ಹಂದಿ. ಚರ್ಚಿಗೆ ಹೋದ್ರೂ ನೆರೆಯವರ ಕಣ್ಣು ಅಡುಗೆಮನೆ ಮೇಲೇ. ಯಹೂದಿಗಳಿಗೆ ನಿಷಿದ್ಧವಾದ ಹಂದಿ ಕೊಬ್ಬು ಬಿಟ್ಟು ಎಣ್ಣೇಲಿ ಯಾಕೆ ಹುರಿತಾರೆ, ಯಹೂದಿಗಳ ಪವಿತ್ರ ದಿನವಾದ ಶನಿವಾರ ಒಗೆದ ಅಂಗಿ ಯಾಕೆ ಹಾಕ್ತಾರೆ, ಇಂಥವೇ ಮತದ್ರೋಹ ವಿಚಾರಿಸೋ ಚರ್ಚಿನ ಕೋರ್ಟಾದ ಇನ್‌ಕ್ವಿಸಿಷನ್ನಿಗೆ ಸಾಕ್ಷಿ. 1449ರಲ್ಲಿ ಟೊಲೆಡೊದವರು ಯಹೂದಿ ಮೂಲದವರಿಗೆ ಊರಿನ ಹುದ್ದೆ ಇಲ್ಲ ಅಂದ್ರು, ಆಮೇಲೆ ‘ರಕ್ತ ಶುದ್ಧಿ’ ಅಂತ ವಂಶಾವಳಿ ತೋರಿಸೋ ಪದ್ಧತೀನೇ ಬೆಳೀತು (ಇದೆಲ್ಲ ನಮ್ಮಲ್ಲಿ ಮಾತ್ರ ಅಂದ್ಕೊಂಡಿದ್ದೆ!). ಸ್ಪೇನಿನ ಸನ್ಯಾಸಿನಿ ಆವಿಲಾದ ತೆರೇಸಾಗೆ 1622ರಲ್ಲಿ ಸಂತ ಪದವಿ ಸಿಕ್ತಲ್ಲ, ಅವರಜ್ಜ 1485ರಲ್ಲಿ ಟೊಲೆಡೊದಲ್ಲಿ ಇದೇ ಇನ್‌ಕ್ವಿಸಿಷನ್ ಮುಂದೆ ತಪ್ಪೊಪ್ಪಿಕೊಂಡು ಶಿಕ್ಷೆ ಉಂಡವರು.

ಮುಸ್ಲಿಮರದ್ದು ಇನ್ನೂ ಕಷ್ಟ. ಮತ ಬದಲಿಸಿದ ಮೊರಿಸ್ಕೋಗಳಿಗೆ 1567ರಲ್ಲಿ ಅರಬ್ಬಿ ಮಾತು, ಹಳೇ ಉಡುಪು, ಹಮಾಮು (ಊರ ಸ್ನಾನದ ಮನೆ) ಎಲ್ಲಾ ಬಂದ್, ಶುಕ್ರವಾರ ಮನೆ ಬಾಗಿಲು ತೆರೆದಿಡ್ಬೇಕು ಅಂತ ಬೇರೆ. ಮರುವರ್ಷವೇ ದಕ್ಷಿಣ ಸ್ಪೇನಿನ ಅಲ್ಪುಹಾರ ಬೆಟ್ಟಗಳಲ್ಲಿ ಅವರ ದಂಗೆ. 1609ರಿಂದ 1614ರೊಳಗೆ ಸುಮಾರು 3 ಲಕ್ಷ ಜನರನ್ನ ಹೊರಗೆ ಹಾಕಿದ್ರು, ಕಾಗದದಲ್ಲಿ ಅವರೆಲ್ಲ ಕ್ರೈಸ್ತರೇ ಆಗಿದ್ರು!

ಇದೆಲ್ಲ ದೂರದ ಕಥೆ ಅನ್ನೋಹಂಗೂ ಇಲ್ಲ, ನಮ್ಮ ಕಾರವಾರದಿಂದ ಕಾಳಿ ದಾಟಿ ಮಾಜಾಳಿ ಆಚೆ ಹೋದ್ರೆ ಗೋವಾ. ಸ್ಪೇನ್ ಬಿಟ್ಟು ಪೋರ್ಚುಗಲ್‌ಗೆ ಓಡಿದ ಯಹೂದಿ ಅಪ್ಪ-ಅಮ್ಮನ ಮಗ ಗಾರ್ಸಿಯಾ ಡ ಒರ್ತಾ ಆಗ ಪೋರ್ಚುಗೀಸರ ಕೈಲಿದ್ದ ಗೋವಾದಲ್ಲಿ ವೈದ್ಯನಾಗಿದ್ದ, ನಮ್ಮ ಕಡೆ ಗಿಡಮೂಲಿಕೆ ಬಗ್ಗೆ 1563ರಲ್ಲಿ ಅಲ್ಲೇ ಪುಸ್ತಕ ಅಚ್ಚು ಹಾಕಿಸ್ದ. ಅವ ಸತ್ತ ಮರುವರ್ಷ, 1569ರಲ್ಲಿ, ಗುಟ್ಟಾಗಿ ಯಹೂದಿ ಮತ ಪಾಲಿಸ್ತಾಳೆ ಅಂತ ಗೋವಾದ ಇನ್‌ಕ್ವಿಸಿಷನ್‌ನವರು ತಂಗೀನ ಸುಟ್ರು, 1580ರಲ್ಲಿ ಅವನ ಎಲುಬನ್ನೇ ಗೋರಿಯಿಂದ ತೆಗೆದು ಸುಟ್ರು. ಅದೇ ಗೋವಾದಲ್ಲಿ 1736ರಲ್ಲಿ ಮತ ಬದಲಿಸಿದವರು ಹಿಂದೂಗಳ ಹಾಗೆ ಉಪ್ಪಿಲ್ಲದೆ ಅನ್ನ ಬೇಯಿಸ್ಬಾರ್ದು ಅಂತ ಆದೇಶ, ಮತ್ತೆ ಅಡುಗೆಮನೆಗೇ ಬಂತು ನೋಡಿ. ಮುಂದಿನ ಪುರವಣಿಲಿ ಈ ಒರ್ತಾನ ಬಗ್ಗೆ ಒಂದು ಪುಟ ಬರೆಸಿ, ಸಾಧ್ಯ ಆದ್ರೆ ಎರಡು.

— ಒಬ್ಬ ಓದುಗ, ಕೋಡಿಬಾಗ, ಕಾರವಾರ