ನೀವು ಹಾಕಿದ ಸ್ಪಂಜು 360 ಗ್ರಾಂ ಬಂತು, ಮಾಲೀಕರೇ

ಕುಶನ್ ಅಂಗಡಿ ಮಾಲೀಕರಿಗೆ,
ದಾವಣಗೆರೆ

ವಿಷಯ: ಓಮ್ನಿ ಗಾಡಿಯ ಡ್ರೈವರ್ ಸೀಟು ರಿಪೇರಿ ಸರಿಯಾಗಿ ಆಗಿಲ್ಲ, ಮತ್ತೆ ಮಾಡಿಕೊಡಬೇಕು.

ನಮಸ್ಕಾರ.

ಹೋದ ತಿಂಗಳು 4ನೇ ತಾರೀಖು ನಿಮ್ಮಲ್ಲಿಗೆ ಬಂದಿದ್ದ ಬಿಳಿ ಓಮ್ನಿ ನೆನಪಿದೆಯಾ? 2009ರ ಮಾಡೆಲ್. ಹಿಂದೆ ಪೂರ್ತಿ ಮಂಡಕ್ಕಿ ಚೀಲ, ಅದರಲ್ಲಿ ಒಂದು ಹರಿದು ನಿಮ್ಮ ಅಂಗಡಿ ಮುಂದೆಲ್ಲ ಚೆಲ್ಲಿ, ನಿಮ್ಮ ಹುಡುಗರೇ ನಗುತ್ತಾ ಗುಡಿಸಿದರು. ಆ ಗಾಡಿಯವನು ನಾನು. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ "ಹೊಸದಲ್ವಾ, ಸೆಟ್ ಆಗುತ್ತೆ ಬಿಡ್ರಿ" ಅಂದಿರಿ. ಸೆಟ್ ಆಗಿಲ್ಲ, ಕೂತುಬಿಟ್ಟಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ಮಾತಾಡಿಕೊಂಡಿದ್ದು ಇಷ್ಟು. ಹಳೇ ಸ್ಪಂಜು ಪೂರ್ತಿ ತೆಗೆಯಬೇಕು, ಕೂರುವ ಕಡೆ 3 ಇಂಚಿನ 40 ಡೆನ್ಸಿಟಿ ಫೋಮ್ ಹಾಕಬೇಕು, ಬಲಗಡೆ ಅಂಚಿಗೆ ಗಟ್ಟಿ ತುಂಡು ಕೊಡಬೇಕು, ಬಿರುಕು ಬಿಟ್ಟ ಫ್ರೇಮಿಗೆ ವೆಲ್ಡಿಂಗ್ ಆಗಬೇಕು, ಮೇಲೆ ಕಪ್ಪು ರೆಕ್ಸಿನ್. 2,800 ರೂಪಾಯಿ ಅಂದಿರಿ. ನಾನು ಚೌಕಾಸಿ ಕೂಡ ಮಾಡಲಿಲ್ಲ. ದಿನಾ ವ್ಯಾಪಾರ ಮಾಡುವವನು ಚೌಕಾಸಿ ಮಾಡದೆ ಕೊಟ್ಟಿದ್ದೇನೆ ಅಂದರೆ ಬೆನ್ನು ಎಷ್ಟು ನೋಯುತ್ತಿತ್ತು ಅಂತ ನೀವೇ ಲೆಕ್ಕ ಹಾಕಿ.

ಮೊದಲ ವಾರ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ರೆಕ್ಸಿನ್ ಹೊಲಿಗೆಯೂ ನೀಟಾಗಿದೆ, ಆ ಹುಡುಗನ ಕೈ ಒಳ್ಳೆಯದು. ಎರಡನೇ ವಾರ ಚಿತ್ರದುರ್ಗಕ್ಕೆ ಲೋಡ್ ಇತ್ತು. ಹೋಗೋಕೆ ಸುಮಾರು 60 ಕಿಲೋಮೀಟರ್, ಬರೋಕೆ ಅಷ್ಟೇ. ಭರಮಸಾಗರ ದಾಟುವಷ್ಟರಲ್ಲಿ ಬಲಗಡೆ ಇಳಿದುಹೋಗಿ ನಾನು ಬಾಗಿಲಿಗೆ ಒರಗಿಕೊಂಡು ಓಡಿಸುತ್ತಿದ್ದೆ. ವಾಪಸ್ ಬರುವಾಗ ಎರಡು ಖಾಲಿ ಚೀಲ ಮಡಚಿ ಕೆಳಗೆ ಹಾಕಿಕೊಂಡೆ. ಹೊಸ ಸೀಟಿನ ಮೇಲೆ ಗೋಣಿಚೀಲ! ಟೀ ಅಂಗಡಿಯಲ್ಲಿ ನಿಂತವರು ನೋಡಿ ನಕ್ಕರು.

ಓಮ್ನಿ ಹತ್ತುವ ರೀತಿ ನಿಮಗೆ ಗೊತ್ತು. ಡ್ರೈವರ್ ಕೂರುವುದು ಮುಂದಿನ ಚಕ್ರದ ಮೇಲೆ. ಹತ್ತುವಾಗ ಇಳಿಯುವಾಗ ಮೈಭಾರವೆಲ್ಲ ಆ ಬಲಗಡೆ ಅಂಚಿನ ಮೇಲೇ ಬೀಳುತ್ತದೆ. ಒಂದು ಲೈನಿಗೆ ಹೋದರೆ ನಾನು ಮೂವತ್ತು ಅಂಗಡಿಗೆ ಇಳಿದು ಹತ್ತುತ್ತೇನೆ. ಅದಕ್ಕೇ ತಾನೆ ಅಲ್ಲಿ ಗಟ್ಟಿ ತುಂಡು ಬೇಕು ಅಂತ ಬೆರಳಿಟ್ಟು ತೋರಿಸಿ ಹೇಳಿದ್ದು?

ಹೋದ ಭಾನುವಾರ ತಡೆಯಲಾರದೆ ಕವರ್ ಬಿಚ್ಚಿದೆ. ಬಲಗಡೆ ಗಟ್ಟಿ ತುಂಡು ಇಲ್ಲವೇ ಇಲ್ಲ. ಹಳೇ ಸ್ಪಂಜು, ಬೆಲ್ಲದ ಹುಡಿ ತರಹ ಉದುರುವಂಥದ್ದು, ಹಾಗೇ ಇದೆ. ಅದರ ಮೇಲೆ ಹೊಸ ಫೋಮ್ ಅಂಟಿಸಿದ್ದೀರಿ. ಫ್ರೇಮ್ ಬಿರುಕಿಗೆ ವೆಲ್ಡಿಂಗ್ ಬದಲು ಕಟ್ಟಡದವರು ಕಂಬಿ ಕಟ್ಟುವ ತಂತಿ ಸುತ್ತಿ, ತುದಿಯನ್ನು ಮೇಲಕ್ಕೆ ಬಿಟ್ಟಿದ್ದೀರಿ. ಇನ್ನೆರಡು ವಾರ ಬಿಟ್ಟಿದ್ದರೆ ಆ ತುದಿ ಎಲ್ಲಿ ಚುಚ್ಚುತ್ತಿತ್ತು ಅಂತ ಇಲ್ಲಿ ಬರೆಯಲ್ಲ.

ಈಗ ಮುಖ್ಯ ವಿಷಯ. ನಾನು ಮಂಡಕ್ಕಿ ಮಾರುವವನು. ಅಳತೆ ಬೇರೆ, ತೂಕ ಬೇರೆ ಅನ್ನುವುದು ನಮಗೆ ಹೊಟ್ಟೆಪಾಡು. ನೋಡಲು ಮೂಟೆಗಟ್ಟಲೆ ಇದ್ದರೂ ತಕ್ಕಡಿಗೆ ಹಾಕಿದರೆ ಏನೂ ಇರಲ್ಲ. ಫೋಮಿಗೂ ಅದೇ ಲೆಕ್ಕ. 40 ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ 40 ಕಿಲೋ ತೂಗಬೇಕು ಅಂತ. ನೀವು ಹಾಕಿದ ತುಂಡು 18 ಇಂಚು ಉದ್ದ, 18 ಇಂಚು ಅಗಲ, 3 ಇಂಚು ದಪ್ಪ. ನಿಜವಾಗಿ 40 ಆಗಿದ್ದರೆ ಅದು ಹತ್ತಿರ ಹತ್ತಿರ 640 ಗ್ರಾಂ ಬರಬೇಕು. ಅಂಟಿದ್ದ ಹಳೇ ಪುಡಿಯೆಲ್ಲ ಕೆರೆದು, ಪುಟಾಣಿ, ಶೇಂಗಾ ತೂಗುವ ನಮ್ಮ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಇಟ್ಟೆ. 360 ಗ್ರಾಂ. ತಕ್ಕಡಿ ಕೆಟ್ಟಿದೆಯೇನೋ ಅಂತ ಅರ್ಧ ಕಿಲೋ ತೂಕದ ಬಟ್ಟು ಇಟ್ಟು ನೋಡಿದೆ, ಸರಿಯಾಗೇ ಇದೆ. ಅಂದರೆ ನೀವು ಹಾಕಿದ್ದು 23ಕ್ಕಿಂತ ಜಾಸ್ತಿ ಇಲ್ಲ. ದಿಂಬಿಗೆ ಓಕೆ. ದಿನಾ ಎಂಟು ಗಂಟೆ 80 ಕಿಲೋ ಮನುಷ್ಯ ಕೂರುವ ಸೀಟಿಗೆ ಅದು ಎಲ್ಲಿ ತಡೆಯುತ್ತೆ? ಒಳಗೆ ಬರೀ ಗಾಳಿ. ನಿಮ್ಮ ಬಿಲ್ಲಿನಲ್ಲಿ ಮಾತ್ರ "40 ಡೆನ್ಸಿಟಿ" ಅಂತ ನಿಮ್ಮದೇ ಕೈಬರಹದಲ್ಲಿದೆ.

ಇನ್ನೊಂದು. ಓಮ್ನಿಯಲ್ಲಿ ಇಂಜಿನ್ ಇರುವುದೇ ಸೀಟಿನ ಕೆಳಗೆ. ಕಾವು ತಡೆಯಲಿ ಅಂತ ಸೀಟಿನ ತಳಕ್ಕೆ ನಾನು ದಪ್ಪ ಫೆಲ್ಟ್ ಹಾಕಿಸಿದ್ದೆ. ಅದು ಈಗ ಇಲ್ಲ. ಮಧ್ಯಾಹ್ನ ಜಗಳೂರು ಕಡೆ ಹೋದರೆ ದೋಸೆ ಹಂಚಿನ ಮೇಲೆ ಕೂತ ಹಾಗಿರುತ್ತದೆ, ಜೊತೆಗೆ ಗಮ್ ವಾಸನೆ ಬೇರೆ. ಫೆಲ್ಟ್ ನಿಮ್ಮ ಅಂಗಡಿ ಮೂಲೆಯಲ್ಲೇ ಎಲ್ಲೋ ಬಿದ್ದಿರಬೇಕು, ದಯವಿಟ್ಟು ಹುಡುಕಿಸಿ.

"ಹಳೇ ಗಾಡಿ, ಇಷ್ಟೇ ಆಗೋದು" ಅಂತ ಕೊನೇ ಸಲ ಫೋನಿನಲ್ಲಿ ಅಂದಿರಲ್ಲ, ಅದು ನನಗೆ ಬೇಜಾರಾಯಿತು. ಕಂಪನಿ 2019ರಲ್ಲೇ ಓಮ್ನಿ ನಿಲ್ಲಿಸಿತು ಅಂತ ನನಗೂ ಗೊತ್ತು. ಹೊಸ ಸೀಟು ಸಿಗುವ ಹಾಗಿದ್ದರೆ ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆ? ಗಾಡಿ ಹಳೇದು ಸ್ವಾಮಿ, ನಾನು ಕೊಟ್ಟ ನೋಟು ಹಳೇದಲ್ಲ.

ನನಗೆ ದುಡ್ಡು ವಾಪಸ್ ಬೇಡ. ಹಳೇ ಸ್ಪಂಜು ಕಿತ್ತು ಹಾಕಿ, ಫ್ರೇಮ್ ವೆಲ್ಡ್ ಮಾಡಿಸಿ, ಹೇಳಿದ ಫೋಮೇ ಹಾಕಿ, ಬಲಗಡೆ ಗಟ್ಟಿ ತುಂಡು ಕೊಟ್ಟು, ಫೆಲ್ಟ್ ಸೇರಿಸಿ ಕೊಡಿ. ರೆಕ್ಸಿನ್ ಅದೇ ಇರಲಿ. ಹೆಚ್ಚಿಗೆ ಒಂದು ರೂಪಾಯಿ ಕೊಡಲ್ಲ. ಈ ತಿಂಗಳ 20ರ ಒಳಗೆ ಆಗದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ. ವ್ಯಾಪಾರದ ಗಾಡಿ ಅಂತ ಜಾರಿಕೊಳ್ಳೋಕೂ ಆಗಲ್ಲ, ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಅಂತಲೇ ಕೊಂಡು ಬಳಸುವ ವಸ್ತುವೂ ಗ್ರಾಹಕರ ಕಾಯ್ದೆಯೊಳಗೆ ಬರುತ್ತದೆ. ಆದರೆ ಅಲ್ಲಿವರೆಗೆ ಹೋಗುವ ಆಸೆ ನನಗಿಲ್ಲ, ಒಂದೇ ಊರಿನವರು ನಾವು.

ಮಂಗಳವಾರ ನನಗೆ ಲೈನ್ ಇಲ್ಲ. ಬೆಳಿಗ್ಗೆ 10ಕ್ಕೆ ಗಾಡಿ ತರುತ್ತೇನೆ. ಹೊಸ ಫೋಮ್ ಕತ್ತರಿಸಿ ಇಟ್ಟಿರಿ, ಅಂಟಿಸಬೇಡಿ. ತಕ್ಕಡಿ ನಾನೇ ತರುತ್ತೇನೆ.

ಇಂತಿ,
ಬಿಳಿ ಓಮ್ನಿಯವನು
ಮಂಡಕ್ಕಿ ಭಟ್ಟಿ, ದಾವಣಗೆರೆ