ಪಿಎಚ್‌ಡಿ ಮುಗಿಯಿತು, ಇವರಿಗೆಲ್ಲ ಥ್ಯಾಂಕ್ಸ್ ಹೇಳಬೇಕು

ಹೋದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಪ್ರಬಂಧದ ಶುರುವಿನಲ್ಲಿ ಕೃತಜ್ಞತೆಗೆ ಅಂತ ಒಂದು ಪುಟ ಇರುತ್ತದೆ. ಅಲ್ಲಿ ಪ್ರೊಫೆಸರುಗಳಿಗೆ, ಇಲಾಖೆಗೆ, ಲ್ಯಾಬಿನ ಸ್ನೇಹಿತರಿಗೆ ವಂದನೆ ಹೇಳಿದ್ದೇನೆ. ಅದು ಇಂಗ್ಲಿಷಿನಲ್ಲಿದೆ, ಲೈಬ್ರರಿಯ ಕಪಾಟು ಸೇರುತ್ತದೆ, ನಮ್ಮ ಶ್ರೀನಿವಾಸಪುರದಲ್ಲಿ ಅದನ್ನು ಯಾರೂ ಓದುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

"ಇನ್ನೂ ಏನಮ್ಮಾ ಓದ್ತಾ ಇದೀಯ?" ಅಂತ ಮದುವೆ ಮನೆಗಳಲ್ಲಿ, ಕೋಲಾರದ ಬಸ್ಸಿನಲ್ಲಿ ಎಷ್ಟೋ ಜನ ಕೇಳಿದ್ದಾರೆ. "ಶುಗರ್ ಕಾಯಿಲೆ ಮೇಲೆ" ಎನ್ನುವಷ್ಟರಲ್ಲಿ ಊಟಕ್ಕೆ ಕರೆ ಬರುತ್ತಿತ್ತು, ಇಲ್ಲವೇ ಸ್ಟಾಪು ಬರುತ್ತಿತ್ತು. ಏನು ಕೆಲಸ ಅಂತ ಹೇಳದೆ ಬರೀ ಥ್ಯಾಂಕ್ಸ್ ಹೇಳಿದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ, ಅಲ್ವಾ? ಸ್ವಲ್ಪ ಹೇಳುತ್ತೇನೆ.

ಜಠರದ ಹಿಂದೆ ಮೇದೋಜೀರಕ ಗ್ರಂಥಿ ಅಂತ ಒಂದಿದೆ. ಡಾಕ್ಟರುಗಳು ಪ್ಯಾಂಕ್ರಿಯಾಸ್ ಎನ್ನುತ್ತಾರೆ. ತೂಕ ನೂರು ಗ್ರಾಂ ಆಸುಪಾಸು. ಅದರ ಬಹುಪಾಲು ಕೆಲಸ ಅನ್ನ, ಬೇಳೆ, ಎಣ್ಣೆ ಜೀರ್ಣವಾಗಲು ಬೇಕಾದ ರಸ ಮಾಡುವುದು. ಅದರೊಳಗೆ ಅಲ್ಲಲ್ಲಿ ಚದುರಿಕೊಂಡು ಸುಮಾರು ಹತ್ತು ಲಕ್ಷ ಸಣ್ಣ ಸಣ್ಣ ಕೋಶಗಳ ಗುಂಪುಗಳಿವೆ. ಇವೇ ಐಲೆಟ್‌ಗಳು. ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆರೇಳನೇ ಒಂದು ಭಾಗದಷ್ಟು ಗಾತ್ರ. ಎಲ್ಲ ಒಟ್ಟು ಮಾಡಿದರೂ ಗ್ರಂಥಿಯ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಅಷ್ಟೇ. ಇವನ್ನು ಮೊದಲು ಕಂಡು ಬರೆದವನು ಪಾಲ್ ಲ್ಯಾಂಗರ್‌ಹಾನ್ಸ್, 1869ರಲ್ಲಿ, ಬರ್ಲಿನ್ನಿನಲ್ಲಿ. ಅವನೂ ಆಗ ಪ್ರಬಂಧ ಬರೆಯುತ್ತಿದ್ದ ಹುಡುಗನೇ. ಇವು ಯಾಕಿವೆ ಅಂತ ಅವನಿಗೆ ತಿಳಿಯಲಿಲ್ಲ, ಹಾಗಂತ ಪ್ರಬಂಧದಲ್ಲೇ ಒಪ್ಪಿಕೊಂಡ. ಆ ಕಾರಣಕ್ಕೇ ನನಗೆ ಅವನ ಮೇಲೆ ಒಂಥರಾ ಪ್ರೀತಿ.

ರಕ್ತದಲ್ಲಿನ ಸಕ್ಕರೆ ಇಳಿಸುವ ಇನ್ಸುಲಿನ್ ಮಾಡುವ ಬೀಟಾ ಕೋಶಗಳು ಇರುವುದು ಈ ಐಲೆಟ್‌ಗಳಲ್ಲಿ. ಟೈಪ್ 1 ಡಯಾಬಿಟಿಸ್ ಇರುವವರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಅವನ್ನು ಕೊಲ್ಲುತ್ತದೆ. ಹಾಗಾದರೆ ಬೇರೆಯವರ ಐಲೆಟ್ ತೆಗೆದು ಹಾಕಬಹುದಲ್ಲ? ಹಾಕಬಹುದು. ಆದರೆ ಮೊದಲು ಅವನ್ನು ಜೀವ ಹೋಗದಂತೆ ಬಿಡಿಸಿ ತೆಗೆಯಬೇಕು. ನಾನು ಇಷ್ಟು ವರ್ಷ ಕಲಿತದ್ದು ಆ ಬಿಡಿಸುವ ಕೆಲಸ.

ಮೊದಲ ಥ್ಯಾಂಕ್ಸ್ ನಮ್ಮ ಲ್ಯಾಬಿನ ಹತ್ತಿರದ ಮಟನ್ ಅಂಗಡಿಯ ಚಾಚಾಗೆ. ನಾನು ಕೈ ಪಳಗಿಸಿಕೊಂಡದ್ದು ಇಲಿ ಮತ್ತು ಮೇಕೆಯ ಗ್ರಂಥಿಗಳ ಮೇಲೆ. ಈ ಗ್ರಂಥಿಗೆ ಒಂದು ಕೆಟ್ಟ ಗುಣ ಇದೆ. ರಕ್ತ ಹರಿಯುವುದು ನಿಂತರೆ ಅದರ ಜೀರ್ಣರಸ ಅದನ್ನೇ ತಿನ್ನಲು ಶುರು ಮಾಡುತ್ತದೆ. ತಡಮಾಡುವಂತಿಲ್ಲ, ತೆಗೆದ ಕೂಡಲೇ ಐಸಿಗೆ ಹಾಕಬೇಕು. ಚಾಚಾಗೆ ಇದನ್ನು ಒಂದೇ ಸಲ ಹೇಳಿದ್ದು. ಆಮೇಲೆ ಬೆಳಕು ಹರಿಯುವ ಮುಂಚೆ ಅವರೇ ಫೋನು ಮಾಡುತ್ತಿದ್ದರು, "ಬೇಟಿ, ಡಬ್ಬಿ ತಗೊಂಡು ಬಾ." ನಾನು ಹೋಗಿ ನಿಂತರೆ ಗಿರಾಕಿಗಳನ್ನು ಪಕ್ಕಕ್ಕೆ ನಿಲ್ಲಿಸಿ, ಯಾರೂ ಕೇಳದ ಆ ತುಂಡನ್ನು ಚೂರೂ ಗಾಯವಾಗದಂತೆ ಬಿಡಿಸಿ ಐಸ್ ಡಬ್ಬಿಗೆ ಹಾಕುತ್ತಿದ್ದರು. ಜೀರ್ಣರಸ ಹರಿಯುವ ನಾಳಕ್ಕೆ ಕತ್ತಿ ತಗಲಬಾರದು, ತಗಲಿದರೆ ಔಷಧಿ ತುಂಬಲು ಆಗುವುದಿಲ್ಲ ಅಂತ ಹೇಳಿದ ಮೇಲಂತೂ ಚಿಕ್ಕ ಚಾಕುವನ್ನೇ ಬೇರೆ ಇಟ್ಟುಕೊಂಡರು. ದುಡ್ಡು ತೆಗೆದುಕೊಳ್ಳಲಿಲ್ಲ. "ನಮ್ಮನೇಲೂ ಎಲ್ಲರಿಗೂ ಶುಗರ್" ಎಂದರು.

ಆಮೇಲಿನ ಕೆಲಸ ಕೊಲಾಜಿನೇಸ್ ಅನ್ನುವ ಕಿಣ್ವದ್ದು. ಅದನ್ನು ನಾಳದೊಳಗೆ ತುಂಬಿಸಿದರೆ ಗ್ರಂಥಿ ಊದಿಕೊಳ್ಳುತ್ತದೆ. 37 ಡಿಗ್ರಿ ಶಾಖದಲ್ಲಿ ಇಟ್ಟರೆ ಕೋಶಗಳನ್ನು ಹಿಡಿದಿರುವ ಅಂಟು ಬಿಡುತ್ತದೆ. ನಮ್ಮ ದೊಡ್ಡಮ್ಮ ಶಿಡ್ಲಘಟ್ಟದಲ್ಲಿ ಬಹಳ ಕಾಲ ರೇಷ್ಮೆ ನೂಲು ಬಿಚ್ಚಿದವರು. ಅವರಿಗೆ ಇದನ್ನು ವಿವರಿಸಲು ಹೊರಟರೆ ನನ್ನ ಮಾತು ಮುಗಿಯುವ ಮೊದಲೇ, "ಗೂಡು ಬೇಯಿಸಿದ ಹಾಗೇ ಅಲ್ವೇನೇ? ಬೇಯದಿದ್ದರೆ ಎಳೆ ಬರಲ್ಲ, ಜಾಸ್ತಿ ಬೆಂದರೆ ಎಲ್ಲ ಮುದ್ದೆ" ಎಂದುಬಿಟ್ಟರು. ಹೌದು ದೊಡ್ಡಮ್ಮ, ಅಷ್ಟೇ. ಬೇಗ ನಿಲ್ಲಿಸಿದರೆ ಐಲೆಟ್ ಸುತ್ತಲಿನ ಮಾಂಸದೊಳಗೇ ಸಿಕ್ಕಿಕೊಂಡಿರುತ್ತದೆ. ತಡವಾದರೆ ಐಲೆಟ್ಟೇ ಒಡೆದು ಚೂರಾಗುತ್ತದೆ. ನಡುನಡುವೆ ಒಂದು ಹನಿ ತೆಗೆದು ಡೈಥಿಜೋನ್ ಬಣ್ಣ ಹಾಕಿ ನೋಡುತ್ತೇವೆ. ಇನ್ಸುಲಿನ್ ಜೊತೆ ಇರುವ ಸತುವನ್ನು ಅದು ಹಿಡಿಯುತ್ತದೆ, ಐಲೆಟ್‌ಗಳು ಮಾತ್ರ ಕೆಂಪಗಾಗುತ್ತವೆ. ಕೆಂಪು ಚುಕ್ಕೆಗಳು ಬಿಡಿಬಿಡಿಯಾಗಿ ಕಂಡ ಕ್ಷಣ ತಣ್ಣನೆ ದ್ರಾವಣ ಸುರಿದು ಎಲ್ಲ ನಿಲ್ಲಿಸಬೇಕು. ಗಡಿಯಾರ ನೋಡಿ ಮಾಡುವ ಕೆಲಸ ಅಲ್ಲ. ಕಿಣ್ವ ಬರುವುದು ಒಂದು ಬಗೆಯ ಬ್ಯಾಕ್ಟೀರಿಯಾದಿಂದ, ಒಂದೊಂದು ಲಾಟ್ ಒಂದೊಂದು ಥರ. ಹೊಸ ಬಾಟಲಿ ಬಂದ ದಿನ ಲ್ಯಾಬಿನಲ್ಲಿ ಯಾರೂ ಜೋಕ್ ಮಾಡುತ್ತಿರಲಿಲ್ಲ.

ಹೀಗೆ ಇಲಿಯ ಐಲೆಟ್ ಬಿಡಿಸುವುದನ್ನು 1967ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಪಾಲ್ ಲೇಸಿ ಒಂದು ಸರಿಯಾದ ದಾರಿಗೆ ತಂದರು. ಮನುಷ್ಯರ ಗ್ರಂಥಿ ದೊಡ್ಡದು, ಗಟ್ಟಿ. ಅದಕ್ಕೆ 1988ರಲ್ಲಿ ಕಮಿಲೋ ರಿಕಾರ್ಡಿ ಒಂದು ಉಕ್ಕಿನ ಪಾತ್ರೆ ಮಾಡಿದರು. ಒಳಗೆ ಗುಂಡುಗಳು, ಮೇಲೆ ಜರಡಿ. ಅಲ್ಲಾಡಿಸುತ್ತಾ ಹೋದಂತೆ ಬಿಡುಗಡೆಯಾದ ಐಲೆಟ್‌ಗಳು ಜರಡಿ ದಾಟಿ ಹೊರಗೆ ಬರುತ್ತವೆ, ಒಳಗೇ ಉಳಿದು ಕರಗುವುದಿಲ್ಲ. ಅಂಥದ್ದರ ಪುಟ್ಟ ರೂಪ ನಮಗೆ ಬೇಕಿತ್ತು. ಆಮದು ಬೆಲೆ ಕೇಳಿ ಎಲ್ಲರೂ ಸುಮ್ಮನಾದೆವು. ಮಾಡಿಕೊಟ್ಟವರು ಪೀಣ್ಯದ ಒಬ್ಬ ಲೇತ್ ಕೆಲಸದವರು, ಮಾಲೂರಿನ ಕಡೆಯವರು. ನಾನು ಕೋಲಾರ ಜಿಲ್ಲೆಯವಳು ಎಂದದ್ದೇ ತಡ, ಬೆಲೆ ಅರ್ಧಕ್ಕಿಳಿಯಿತು. ಅಣ್ಣಾ, ನಿಮ್ಮ ಪಾತ್ರೆಯ ಫೋಟೋ ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿದೆ.

ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬರದೇ ಇದ್ದಾಗ ಬಾಡಿಗೆ ಕೇಳದೆ ಇದ್ದ ಮನೆ ಮಾಲೀಕರಾದ ಆಂಟಿಗೆ, ಪ್ರತಿ ಮಾವಿನ ಸುಗ್ಗಿಯಲ್ಲೂ ಬಾದಾಮಿ, ರಸಪುರಿ ಬುಟ್ಟಿ ಹೊತ್ತುಕೊಂಡು ಲ್ಯಾಬಿಗೆ ಬಂದ ಅಪ್ಪನಿಗೆ, ಡಯಾಬಿಟಿಸ್ ಲ್ಯಾಬಿಗೆ ಮಾವಿನಹಣ್ಣಾ ಅಂತ ನಗುತ್ತಲೇ ಬುಟ್ಟಿ ಖಾಲಿ ಮಾಡಿದ ನಮ್ಮ ಗೈಡ್ ಮೇಡಂಗೆ, ಇಲಿಗಳನ್ನು ಮಕ್ಕಳಂತೆ ನೋಡಿಕೊಂಡ ಅಟೆಂಡರ್ ಅಣ್ಣನಿಗೆ ಥ್ಯಾಂಕ್ಸ್. ನಿಮಗೆ ಎದುರಿಗೇ ಹೇಳಿದ್ದೇನೆ, ಇಲ್ಲಿ ಉದ್ದ ಮಾಡುವುದಿಲ್ಲ.

ಒಂದು ಕುಟುಂಬಕ್ಕೆ ಮಾತ್ರ ಎದುರಿಗೆ ಹೇಳಲು ಆಗುವುದಿಲ್ಲ. ತಮ್ಮವರು ಹೋದ ದಿನ ಗ್ರಂಥಿಯನ್ನು ಸಂಶೋಧನೆಗೆ ಕೊಡಲು ಸಹಿ ಹಾಕಿದವರು. ಅವರ ಹೆಸರು ನನಗೆ ಗೊತ್ತಿಲ್ಲ, ಗೊತ್ತಾಗಬಾರದು ಅನ್ನುವುದೇ ನಿಯಮ. ಅದು ನಮ್ಮ ಮೇಜಿಗೆ ಬಂದ ರಾತ್ರಿ ಲ್ಯಾಬಿನಲ್ಲಿ ಯಾರೂ ಮನೆಗೆ ಹೋಗಲಿಲ್ಲ.

ಇನ್ನು ಪಕ್ಕದ ಮನೆಯ ಅಕ್ಕ. ಅಕ್ಕನ ಮಗಳಿಗೆ ಶಾಲೆಗೆ ಸೇರುವ ಮುಂಚೆಯೇ ಟೈಪ್ 1 ಬಂತು. ಅವರ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಒದ್ದೆ ಮರಳಿನ ಮೇಲೆ ಮಣ್ಣಿನ ಕುಡಿಕೆ ಇಟ್ಟು ಅದರಲ್ಲಿ ಇನ್ಸುಲಿನ್ ಬಾಟಲಿ ಕಾಪಾಡುತ್ತಿದ್ದರು. ನಾನು ರಜೆಗೆ ಬಂದಾಗಲೆಲ್ಲ ನನ್ನ ಕೆಲಸದ ಬಗ್ಗೆ ಜಂಬದಿಂದ ಹೇಳುತ್ತಿದ್ದೆ. ಸಕ್ಕರೆ ಏರಿದಾಗ ನಮ್ಮ ಐಲೆಟ್‌ಗಳು ಎಷ್ಟು ಚೆನ್ನಾಗಿ ಇನ್ಸುಲಿನ್ ಬಿಡುತ್ತವೆ ಅಂತ. ಅಕ್ಕ ಎಲ್ಲ ಕೇಳಿಕೊಂಡು ಒಂದು ದಿನ, "ಅದು ಸರಿ ಕಣೇ. ಸಕ್ಕರೆ ಇಳಿದಾಗ ಬಿಡೋದನ್ನ ನಿಲ್ಲಿಸುತ್ತಾ?" ಎಂದರು. "ಸೂಜಿ ಚುಚ್ಚೋದು ನಮಗೆ ಅಭ್ಯಾಸ ಆಗಿದೆ. ನನಗೆ ಭಯ ಇರೋದು ರಾತ್ರಿ ಲೋ ಆಗೋದು. ಮಗು ಎಬ್ಬಿಸಿದರೆ ಏಳಲ್ಲ."

ನನ್ನ ಮೂರನೇ ಅಧ್ಯಾಯ ಪೂರ್ತಿ ಆ ಪ್ರಶ್ನೆಯದ್ದು. ಚುಚ್ಚಿದ ಇನ್ಸುಲಿನ್ ವಾಪಸ್ ಬರುವುದಿಲ್ಲ, ಸಕ್ಕರೆ ಎಷ್ಟೇ ಇಳಿದರೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಒಳ್ಳೆಯ ಐಲೆಟ್ ಹಾಗಲ್ಲ. ಸಕ್ಕರೆ ಇಳಿದರೆ ಇನ್ಸುಲಿನ್ ನಿಲ್ಲಿಸುತ್ತದೆ. ಜೊತೆಗೆ ಅದರಲ್ಲಿರುವ ಆಲ್ಫಾ ಕೋಶಗಳು ಸಕ್ಕರೆ ಏರಿಸುವ ಗ್ಲುಕಗಾನ್ ಬಿಡುತ್ತವೆ. ಹಾಗಾಗಿ ನಾವು ಐಲೆಟ್‌ಗಳ ಮೇಲೆ ಮೊದಲು ಸಕ್ಕರೆ ಜಾಸ್ತಿ ಇರುವ ದ್ರಾವಣ, ಆಮೇಲೆ ಕಡಿಮೆ ಇರುವುದು ಹರಿಸಿ, ಎಷ್ಟು ಬೇಗ ನಿಲ್ಲುತ್ತದೆ ಅಂತ ಅಳೆದೆವು. ಬಿಡಿಸುವಾಗ ಪೆಟ್ಟು ತಿಂದ ಐಲೆಟ್, ಜೀವ ಇದೆಯಾ ಅಂತ ನೋಡುವ ಬಣ್ಣದ ಪರೀಕ್ಷೆಯಲ್ಲಿ ಬದುಕಿದೆ ಎಂದೇ ತೋರಿಸುತ್ತದೆ. ಇನ್ಸುಲಿನ್ ನಿಲ್ಲಿಸುವುದರಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ವೈವಾದಲ್ಲಿ ಪರೀಕ್ಷಕರು ಅತಿ ಹೆಚ್ಚು ಹೊತ್ತು ಕೇಳಿದ್ದು ಇದರ ಬಗ್ಗೆಯೇ. ಈ ಯೋಚನೆ ಯಾರದ್ದು ಅಂತ ಕೇಳಿದರು. ಅಕ್ಕನದ್ದು ಎಂದು ಹೇಳಿದೆ.

ಅಕ್ಕ ಇನ್ನೊಂದನ್ನೂ ಕೇಳಿದ್ದಾರೆ, ಊರಿನವರೂ ಕೇಳುತ್ತಿದ್ದಾರೆ: ಹಾಗಾದರೆ ಶುಗರ್ ವಾಸಿ ಆಗುತ್ತಾ? ಇಷ್ಟೆಲ್ಲ ಪಡೆದವಳು ನಿಮಗೆ ನೇರ ಉತ್ತರ ಕೊಡಬೇಕು. 2000ನೇ ಇಸವಿಯಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಪಿರೋ ತಂಡ ಏಳು ಜನ ಟೈಪ್ 1 ರೋಗಿಗಳಿಗೆ ಐಲೆಟ್ ಹಾಕಿ ಏಳೂ ಜನ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ನಿಲ್ಲಿಸಿತು. ಹೊಟ್ಟೆ ಕೊಯ್ಯಲಿಲ್ಲ, ಲಿವರಿಗೆ ಹೋಗುವ ರಕ್ತನಾಳದೊಳಗೆ ಸಣ್ಣ ಕೊಳವೆಯಲ್ಲಿ ಬಿಟ್ಟರು. ಆದರೆ ಒಬ್ಬೊಬ್ಬರಿಗೆ ಎರಡು ಅಥವಾ ಹೆಚ್ಚು ದಾನಿಗಳ ಐಲೆಟ್ ಬೇಕಾಯಿತು. ಐದು ವರ್ಷ ಆಗುವಷ್ಟರಲ್ಲಿ ಅಲ್ಲಿ ಚಿಕಿತ್ಸೆ ಪಡೆದವರಲ್ಲಿ ಹತ್ತರಲ್ಲಿ ಒಬ್ಬರು ಮಾತ್ರ ಇನ್ಸುಲಿನ್ ಇಲ್ಲದೆ ಇದ್ದರು. ಆದರೂ ಹೆಚ್ಚಿನವರಲ್ಲಿ ಐಲೆಟ್ ಸ್ವಲ್ಪ ಕೆಲಸ ಮಾಡುತ್ತಲೇ ಇತ್ತು, ಅಕ್ಕ ಹೆದರುವ ಆ ಲೋ ಆಗುವುದು ಬಹಳ ಕಡಿಮೆಯಾಗಿತ್ತು. ನನಗೆ ಕೇಳಿದರೆ ದೊಡ್ಡ ಸುದ್ದಿ ಅದೇ.

2023ರಲ್ಲಿ ಅಮೆರಿಕದ ಸರ್ಕಾರ ದಾನಿಗಳ ಐಲೆಟ್ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು, ಅದೂ ಪದೇ ಪದೇ ವಿಪರೀತ ಲೋ ಆಗುವ ಟೈಪ್ 1 ರೋಗಿಗಳಿಗೆ, ದೊಡ್ಡವರಿಗೆ ಮಾತ್ರ. 2025ರಲ್ಲಿ ಸ್ಟೆಮ್ ಸೆಲ್‌ನಿಂದ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶದಿಂದ) ಲ್ಯಾಬಿನಲ್ಲೇ ಬೆಳೆಸಿದ ಐಲೆಟ್‌ಗಳ ಫಲಿತಾಂಶ ಬಂತು. ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಬಿಟ್ಟಿದ್ದರು. ದಾನಿಗಳ ಕೊರತೆಗೆ ಇದು ದಾರಿ ಆಗಬಹುದು. ಆದರೆ ಇವರೆಲ್ಲರೂ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಲೇ ಇರಬೇಕು. ಸೋಂಕು ಬೇಗ ತಗಲುತ್ತದೆ, ಕಿಡ್ನಿಗೂ ತೊಂದರೆ ಆಗಬಹುದು. ಇನ್ಸುಲಿನ್‌ನಲ್ಲೇ ಚೆನ್ನಾಗಿರುವ ಮಗುವಿಗೆ ಈ ವ್ಯಾಪಾರ ಲಾಭದ್ದಲ್ಲ. ನಮ್ಮ ಅಜ್ಜಿಗೆ, ಚಾಚಾಗೆ ಇರುವುದು ಟೈಪ್ 2, ಅಂದರೆ ಇನ್ಸುಲಿನ್ ಇದ್ದರೂ ದೇಹಕ್ಕೆ ಅದು ಸರಿಯಾಗಿ ನಾಟದ ಬಗೆ. ಅವರಿಗೆ ಇವತ್ತಿಗೆ ಈ ಚಿಕಿತ್ಸೆ ಅಲ್ಲ. ಮಾತ್ರೆ, ನಡಿಗೆ, ಮುದ್ದೆ ಸ್ವಲ್ಪ ಚಿಕ್ಕದು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆಂದರೆ, ಅಕ್ಕನಿಗೆ ಈಗಾಗಲೇ ಯಾರೋ ಫೋನ್ ಮಾಡಿ, ಲಕ್ಷಗಟ್ಟಲೆ ಕೊಟ್ಟರೆ ಸ್ಟೆಮ್ ಸೆಲ್ ಹಾಕಿ ಮಗಳನ್ನು ಪೂರ್ತಿ ವಾಸಿ ಮಾಡುತ್ತೇವೆ ಎಂದಿದ್ದಾರೆ. ಕೊಡಬೇಡಿ. ನಮ್ಮ ತಾಲ್ಲೂಕಿನಲ್ಲಿ ಯಾರಿಗೇ ಅಂಥ ಫೋನು ಬಂದರೂ, ತೋಟ ಅಡ ಇಡುವ ಮೊದಲು ಅವರು ಕೊಟ್ಟ ಕಾಗದ ನನಗೆ ತೋರಿಸಿ. ಓದಿ ಹೇಳುತ್ತೇನೆ. ನಿಮ್ಮಿಂದ ಪಡೆದದ್ದರಲ್ಲಿ ನನ್ನ ಕೈಲಿ ತೀರಿಸಲು ಆಗುವುದು ಸದ್ಯಕ್ಕೆ ಇಷ್ಟು.

ಬರುವ ಭಾನುವಾರ ನಮ್ಮ ಮನೆಯಲ್ಲಿ ಊಟ. ಮುದ್ದೆ, ಬಸ್ಸಾರು, ಹೋಳಿಗೆ. ಚಾಚಾನೂ ಬರುತ್ತಿದ್ದಾರೆ, ಪೀಣ್ಯದ ಅಣ್ಣನೂ ಬರುತ್ತಾರೆ. ದೊಡ್ಡಮ್ಮ ಇಬ್ಬರಿಗೂ ಗೂಡು ಬೇಯಿಸುವ ಕಥೆ ಹೇಳದೆ ಬಿಡುವುದಿಲ್ಲ. ಶುಗರ್ ಇರುವವರು ಮಾತ್ರೆ ಮರೆಯದೆ ತನ್ನಿ, ಹೋಳಿಗೆ ಅರ್ಧವೇ ಬಡಿಸಲು ಅಮ್ಮನಿಗೆ ಹೇಳಿದ್ದೇನೆ.