ಮಗಳಿಗೊಂದು ಪತ್ರ: ಆಟ ನಿಂತ ಮೇಲಿನ ಕೆಲಸ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಲ್ಲಿ ನೀನು ಆಡಿದ ಮಾತು ತಲೆಯಲ್ಲೇ ಉಳಿದುಬಿಟ್ಟಿದೆ. "ಇಷ್ಟು ವರ್ಷ ಕ್ಲಬ್ಬಿಗೆ ಫುಟ್‌ಬಾಲ್ ಆಡಿದವಳು ಈಗ ಸ್ಕೂಲಲ್ಲಿ ಪಿಟಿ ಮೇಡಂ ಆಗೋದಾ ಅಪ್ಪಾ?" ಅಂದೆ. ಮಂಡಿಯ ಲಿಗಮೆಂಟ್ ಎರಡನೇ ಸಲ ಹರಿದಿದ್ದು, ಕ್ಲಬ್ಬಿನವರು ಕೈಬಿಟ್ಟಿದ್ದು, ಎರಡರಿಂದಲೂ ನನಗೆ ಸಂಕಟವಾಗಿದೆ. ಆದರೆ ಆ ಕೆಲಸ ನಿನಗೆ ಕಡಿಮೆ ಅನ್ನೋದನ್ನು ಮಾತ್ರ ನಾನು ಒಪ್ಪುವುದಿಲ್ಲ.

1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡವನ್ನೇ ನೋಡು. ವೆಂಬ್ಲಿಯಲ್ಲಿ ಪಶ್ಚಿಮ ಜರ್ಮನಿಯನ್ನು 4-2ರಿಂದ ಸೋಲಿಸಿದವರು. ಅವರಿಗೂ ಕೂತು ಉಣ್ಣುವಷ್ಟು ದುಡ್ಡಿರಲಿಲ್ಲ. 1961ರವರೆಗೆ ಅಲ್ಲಿ ಆಟಗಾರರಿಗೆ ವಾರಕ್ಕೆ 20 ಪೌಂಡಿಗಿಂತ ಜಾಸ್ತಿ ಸಂಬಳ ಕೊಡುವಂತೆಯೇ ಇರಲಿಲ್ಲ. ಫೈನಲ್‌ನಲ್ಲಿ ಮೂರು ಗೋಲು ಹೊಡೆದ ಜೆಫ್ ಹರ್ಸ್ಟ್ ಆಮೇಲೆ ಇನ್ಶೂರೆನ್ಸ್ ಕಂಪನಿಯಲ್ಲಿ ದುಡಿದರು. ರೋಜರ್ ಹಂಟ್ ಮನೆಯವರ ಲಾರಿ ಸಾಗಣೆ ವ್ಯವಹಾರಕ್ಕೆ ಸೇರಿಕೊಂಡರು.

ನನಗೆ ತುಂಬ ಹಿಡಿಸಿದವರು ರೇ ವಿಲ್ಸನ್. ಲೆಫ್ಟ್ ಬ್ಯಾಕ್, ಅಂದರೆ ಎಡಬದಿ ಕಾಯುವ ಆಟಗಾರ, ನಿನ್ನದೇ ಜಾಗ. ಆ ಫೈನಲ್ ಆಡಿದ ಇಂಗ್ಲೆಂಡಿನ ಹನ್ನೊಂದು ಜನರಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು. ಆಟ ಬಿಟ್ಟು ಹಡರ್ಸ್‌ಫೀಲ್ಡ್‌ನಲ್ಲಿ ಅಂತ್ಯಕ್ರಿಯೆ ನಡೆಸಿಕೊಡುವ ಕೆಲಸಕ್ಕಿಳಿದರು. ಸಾವಾದ ಮನೆಗೆ ಹೋಗಬೇಕು, ಅಳುತ್ತಿರುವವರ ಹತ್ತಿರ ಮೆತ್ತಗೆ ಮಾತಾಡಬೇಕು, ಹೆಣದ ಪೆಟ್ಟಿಗೆಯಿಂದ ಹಿಡಿದು ಗಾಡಿವರೆಗೆ ಎಲ್ಲ ಹೊಂದಿಸಬೇಕು. ವಿಶ್ವಕಪ್ ಗೆದ್ದವರು ಇದನ್ನು ವರ್ಷಾನುಗಟ್ಟಲೆ ಮಾಡಿದರು. ಅವರ ಯೋಗ್ಯತೆ ಇದರಿಂದ ಒಂದು ತೂಕ ಕಡಿಮೆ ಆಯ್ತು ಅಂತ ನಿನಗೆ ಅನ್ನಿಸುತ್ತಾ? ನನಗಂತೂ ಇಲ್ಲ.

ಅದೇ ತಂಡದ ನಾಯಕ ಬಾಬಿ ಮೂರ್ ಕಥೆ ಓದಿದರೆ ಹೊಟ್ಟೆ ಉರಿಯುತ್ತದೆ. ಸೌತೆಂಡ್ ಅನ್ನೋ ಸಣ್ಣ ಕ್ಲಬ್ಬಿಗೆ ಮ್ಯಾನೇಜರ್ ಆದರು, ಪತ್ರಿಕೆಯೊಂದರಲ್ಲಿ ಕೆಲಸ ಮಾಡಿದರು, ರೇಡಿಯೋದಲ್ಲಿ ಕಾಮೆಂಟರಿ ಹೇಳಿದರು. ಅಂಥ ಆಟಗಾರನಿಗೆ ತಕ್ಕ ಹೊಣೆಯನ್ನು ಅಲ್ಲಿನ ಫುಟ್‌ಬಾಲ್ ಕೊಡಲೇ ಇಲ್ಲ. 1993ರಲ್ಲಿ, 51ನೇ ವಯಸ್ಸಿಗೆ, ಕ್ಯಾನ್ಸರ್‌ನಿಂದ ತೀರಿಕೊಂಡರು. 2007ರಲ್ಲಿ ವೆಂಬ್ಲಿಯ ಎದುರು ಅವರ ಕಂಚಿನ ಪ್ರತಿಮೆ ನಿಲ್ಲಿಸಿದರು. ಇದ್ದಾಗ ಕರೆದು ಒಂದು ಒಳ್ಳೆ ಕೆಲಸ ಕೊಡಬಹುದಿತ್ತು, ಅಲ್ವಾ? ಆಟ ಮುಗಿದವರನ್ನು ಮರೆತುಬಿಡುವುದು ಮರೆತವರ ತಪ್ಪು. ನಿನ್ನನ್ನು ಕೈಬಿಟ್ಟ ಕ್ಲಬ್ಬಿನ ವಿಷಯದಲ್ಲೂ ನನ್ನ ಮಾತು ಇದೇ.

ನಮ್ಮ ಕಡೆಯವರನ್ನೂ ನೋಡು. ಐ.ಎಂ. ವಿಜಯನ್ ಚಿಕ್ಕಂದಿನಲ್ಲಿ ತ್ರಿಶೂರಿನ ಸ್ಟೇಡಿಯಂನಲ್ಲಿ ಸೋಡಾ ಮಾರುತ್ತಿದ್ದರು. ಆಟದಿಂದಲೇ ಕೇರಳ ಪೊಲೀಸ್ ಇಲಾಖೆ ಸೇರಿದರು. ಭಾರತ ತಂಡದ ನಾಯಕರಾಗಿ ಮೆರೆದವರು ಅದೇ ಇಲಾಖೆಯಿಂದ 2025ರಲ್ಲಿ ನಿವೃತ್ತರಾದರು. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಪರ ಇರಾಕಿನ ಅಲ್ ಜವ್ರಾ ಕ್ಲಬ್ ವಿರುದ್ಧ ಹ್ಯಾಟ್ರಿಕ್ ಹೊಡೆದವರು. ಆಟ ಬಿಟ್ಟ ಮೇಲೆ ತಾವು ಕಲಿತ ಟಾಟಾ ಫುಟ್‌ಬಾಲ್ ಅಕಾಡೆಮಿಗೇ ವಾಪಸ್ ಹೋಗಿ ಹುಡುಗರಿಗೆ ಕಲಿಸಿದರು. 2020ರಲ್ಲಿ, ಇನ್ನೂ 49ಕ್ಕೇ, ಹೋಗಿಬಿಟ್ಟರು.

ದಸರಾ ರಜೆಯಲ್ಲಿ ಪಕ್ಕದ ಮನೆ ಹುಡುಗಿಗೆ ನೀನು ಪಾಸ್ ಹಿಡಿಯೋದು ಕಲಿಸ್ತಾ ಇದ್ದದ್ದು ನೆನಪಿದೆಯಾ? ಅವಳು ಚೆಂಡನ್ನೇ ನೋಡ್ತಾ ನಿಲ್ತಿದ್ದಳು, ಹಿಂದೆ ಯಾರಿದ್ದಾರೆ ಅಂತ ನೋಡ್ತಲೇ ಇರಲಿಲ್ಲ. ನೀನು ಬೈಯಲಿಲ್ಲ. ಹಿಂದೆ ನಿಂತು, ಬೆರಳು ಎತ್ತಿ, "ಚೆಂಡು ಬರೋ ಮುಂಚೆ ನನ್ನ ಬೆರಳು ಎಷ್ಟು ಅಂತ ಹೇಳು" ಅಂದೆ. ಸ್ವಲ್ಪ ಹೊತ್ತಿಗೆ ಆ ಮಗು ತಾನಾಗಿಯೇ ಭುಜದ ಮೇಲಿಂದ ತಿರುಗಿ ನೋಡೋಕೆ ಶುರು ಮಾಡಿತು. ಗೇಟಿನ ಹತ್ತಿರ ನಿಂತು ನೋಡ್ತಾ ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ!

ಸುಮ್ನೆ ಸಮಾಧಾನಕ್ಕೆ ಇದನ್ನೆಲ್ಲ ಬರೀತಿಲ್ಲ. ಸ್ಕೂಲಿನವರಿಗೆ ಸೋಮವಾರದೊಳಗೆ ಉತ್ತರ ಕೊಡಬೇಕು ಅಂತ ನೀನು ಹೇಳಿದ್ದೆ. ಬೇಡ ಅನ್ನಿಸಿದರೆ ಬೇಡ ಅನ್ನು, ಆದರೆ ನಾಚಿಕೆಯಿಂದ ಬೇಡ ಅನ್ನಬೇಡ. ಒಪ್ಪಿದರೂ ಡಿ ಲೈಸೆನ್ಸ್ ಅನ್ನೋ ಆರಂಭದ ಹಂತದ ಕೋಚಿಂಗ್ ಸರ್ಟಿಫಿಕೇಟ್‌ಗೆ ಅರ್ಜಿ ಹಾಕು, ಫೀಸು ನಾನು ಕಟ್ಟುತ್ತೇನೆ. ಫಿಸಿಯೋ ಹತ್ತಿರ ಹೋಗೋದನ್ನು ಮಾತ್ರ ತಪ್ಪಿಸಬೇಡ. ಶನಿವಾರ ನಾನೂ ಅಮ್ಮನೂ ಬರ್ತೀವಿ, ನಿನ್ನ ಸರ್ಟಿಫಿಕೇಟ್ ಫೈಲ್ ಇಲ್ಲೇ ಇದೆ, ತರ್ತೀನಿ.

ನಿನ್ನ,
ಅಪ್ಪ